ಅಜ್ಜಿಯ ಜಪಮಾಲೆ

ಬಾಲ್ಯದಲ್ಲಿ ನಾನು ಪ್ರತಿ ಸಂಜೆ ಅಜ್ಜಿಯ ಪಕ್ಕದಲ್ಲಿ ಕುಳಿತು 108 ಮಣಿಗಳ ರುದ್ರಾಕ್ಷಿಮಾಲೆಯನ್ನು ಎಣಿಸುತ್ತಿದ್ದೆ. ನಾಲಗೆಯಲ್ಲಿ ಶಿವನಾಮ, ಮನಸ್ಸು ಮಾತ್ರ ಅಂಗಳದ ಆಟದಲ್ಲಿ. ಅವರಿಗಿಂತ ಮೊದಲೇ ಮುಗಿಸಿದೆನೆಂದು ಬೀಗುತ್ತಿದ್ದೆ.

ಒಂದು ದಿನ ಅಜ್ಜಿ, “ಮಗು, ಬೆರಳು ಮೇರುಮಣಿಯನ್ನು ಮುಟ್ಟಿತು, ನೀನೆಲ್ಲಿದ್ದೆ?” ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. “ನನ್ನ ಮನಸ್ಸೂ ಓಡುತ್ತದೆ. ಓಡಿದಾಗಲೆಲ್ಲ ಕರೆತರುತ್ತೇನೆ, ಅಷ್ಟೆ” ಎಂದರು.

ಚಂಚಲವಾದ ಮನಸ್ಸು ಎಲ್ಲೆಲ್ಲಿಗೆ ಹರಿದರೂ ಅಲ್ಲಿಂದ ಅದನ್ನು ಹಿಂದಕ್ಕೆ ತರಬೇಕೆಂದು ಭಗವದ್ಗೀತೆಯ 6ನೆಯ ಅಧ್ಯಾಯವೂ ಬೋಧಿಸುತ್ತದೆ. ಮೇರುವನ್ನು ದಾಟದೆ ಮಾಲೆಯನ್ನು ಹಿಂದಿರುಗಿಸುವುದು ಜಪದ ನಿಯಮ; ಮನಸ್ಸನ್ನು ಹಿಂದಿರುಗಿಸುವುದೇ ಅದರ ಸಾರ.

ಅಜ್ಜಿ ಈಗಿಲ್ಲ, ಅವರ ಮಾಲೆ ನನ್ನಲ್ಲಿದೆ. ಒಂದೇ ಸುತ್ತಿನಲ್ಲಿ ಎಷ್ಟೋ ಸಲ ಮನಸ್ಸನ್ನು ಕರೆತರಬೇಕಾಗುತ್ತದೆ. ಅದಕ್ಕಾಗಿ ನಾನೀಗ ನಾಚುವುದಿಲ್ಲ.