ದೀಪದ ಅಂಗಡಿಯಲ್ಲಿ ಬಣ್ಣದ ವಿಚಾರ

ಬೆಂಗಳೂರಿಗೂ ವಿದ್ಯುದ್ದೀಪಕ್ಕೂ ಇರುವ ನಂಟು ಹಳೆಯದು. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಈ ನಗರದ ಬೀದಿಗಳನ್ನು ಬೆಳಗಿತು. ಅಂದು ದೀಪವು ಕತ್ತಲೆಯನ್ನು ಕಳೆದರೆ ಸಾಕಾಗಿದ್ದಿತು. ಇಂದು ಅದೇ ನಗರದಲ್ಲಿ ದೀಪವನ್ನು ಆಭರಣದಂತೆ ಪೆಟ್ಟಿಗೆಯಿಂದ ತೆಗೆದು ತೋರಿಸಿ ಮಾರುವ ಭವ್ಯವಾದ ಅಂಗಡಿಗಳಿವೆ. ಅಂತಹ ಒಂದು ಅಂಗಡಿಯಲ್ಲಿ ಕಂಡದ್ದನ್ನೂ ಕಲಿತದ್ದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಒಂದು ಕಾಲದಲ್ಲಿ ಸೌತ್ ಪೆರೇಡ್ ಎನಿಸಿಕೊಂಡಿದ್ದ ಮಹಾತ್ಮಾ ಗಾಂಧಿ ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ಆ ಅಂಗಡಿ ಸಿಕ್ಕುತ್ತದೆ. ಕೆಳಗಿನ ಅಂತಸ್ತಿನಲ್ಲಿ ದೀಪಗಳು. ಮೇಲಿನ ಅಂತಸ್ತಿನಲ್ಲಿ ಚಿತ್ರಕಾರರಿಗೆ ಬೇಕಾದ ಬಣ್ಣ, ಕುಂಚ, ಕಾಗದ, ಕ್ಯಾನ್ವಾಸುಗಳು. ಇವೆರಡನ್ನೂ ಒಂದೇ ಸೂರಿನಡಿ ಇಟ್ಟದ್ದು ವ್ಯಾಪಾರದ ಅನುಕೂಲಕ್ಕಾಗಿಯೇ ಇರಬಹುದು. ಆದರೆ ಅದರಲ್ಲಿ ಒಂದು ತತ್ತ್ವವೂ ಅಡಗಿದೆಯೆಂಬುದು ಹಿಂದಿರುಗುವ ವೇಳೆಗೆ ನನಗೆ ಸ್ಪಷ್ಟವಾಯಿತು.

ನಾವು ಅಲ್ಲಿಗೆ ಹೋದದ್ದು ವಿನೋದಕ್ಕಲ್ಲ. ನನ್ನ ಮೊಮ್ಮಗಳು ಹಗಲು ಒಂದು ಕಚೇರಿಯಲ್ಲಿ ದುಡಿದು ರಾತ್ರಿ ಚಿತ್ರ ಬರೆಯುವವಳು. ಒಬ್ಬ ವೃದ್ಧೆಯ ಭಾವಚಿತ್ರವನ್ನು ಬರೆದುಕೊಡಲು ಅವಳು ಒಪ್ಪಿಕೊಂಡಿದ್ದಳು. ಹಣಕ್ಕಾಗಿ ಒಪ್ಪಿದ ಮೊದಲ ಕೆಲಸ ಅದು. ರಾತ್ರಿ ಸಹಜವಾಗಿ ತೋರಿದ ಮುಖವು ಬೆಳಗ್ಗೆ ಕಿಟಕಿಯ ಬಳಿ ಜ್ವರ ಬಂದಂತೆ ಕೆಂಪಾಗಿ ಕಾಣುತ್ತಿತ್ತು. ಮೂರು ಸಲ ತಿದ್ದಿದರೂ ಫಲ ಅದೇ. “ತಾತ, ನನ್ನ ಕೈಯಲ್ಲೇ ದೋಷವಿದೆ. ಮುಂಗಡ ಹಿಂದಕ್ಕೆ ಕೊಟ್ಟುಬಿಡುತ್ತೇನೆ” ಎಂದು ಅವಳು ಕಣ್ಣೀರು ತಂದುಕೊಂಡಳು. ಕೈಯನ್ನು ದೂರುವ ಮೊದಲು ದೀಪವನ್ನು ಪರೀಕ್ಷಿಸೋಣವೆಂದು ನಾನು ಅವಳನ್ನು ಹೊರಡಿಸಿದೆನು.

ಬಾಗಿಲು ದಾಟುತ್ತಲೇ ಸ್ಫಟಿಕದ ಗೊಂಚಲು ದೀಪಗಳು ಎದುರಾದವು. ಒಂದೊಂದರ ಬೆಲೆಯೂ ಸಾಮಾನ್ಯ ಗೃಹಸ್ಥನ ಹಲವು ತಿಂಗಳ ಮನೆವೆಚ್ಚಕ್ಕೆ ಸಮನಾದುದು. ಅವುಗಳ ಶೋಭೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಅಲ್ಲಿ ಬೆಲೆಯ ಬಹುಭಾಗವು ಗಾಜಿಗೂ ಹಿತ್ತಾಳೆಗೂ ಸಲ್ಲುತ್ತದೆ; ಬೆಳಕಿನ ಗುಣವನ್ನು ನಿರ್ಧರಿಸುವುದು ಒಳಗಿನ ಬಲ್ಬು ಮಾತ್ರ. ಆ ಬಲ್ಬಿನ ವಿಚಾರವು ಪೆಟ್ಟಿಗೆಯ ಮೇಲೆ ಸಣ್ಣಕ್ಷರಗಳಲ್ಲಿರುತ್ತದೆ. ವಾಟ್ ಎಂಬುದು ಖರ್ಚು. ಲ್ಯೂಮೆನ್ ಎಂಬುದು ಆ ಖರ್ಚಿನಿಂದ ದೊರೆತ ಬೆಳಕು. ಹಳೆಯ 60 ವಾಟಿನ ತಂತಿಯ ಬಲ್ಬು ಕೊಡುತ್ತಿದ್ದ 700-800 ಲ್ಯೂಮೆನ್ ಬೆಳಕನ್ನು ಇಂದಿನ ಎಲ್.ಇ.ಡಿ. ಬಲ್ಬು 8-9 ವಾಟುಗಳಲ್ಲಿಯೇ ಕೊಡುತ್ತದೆ. ಕೆಲ್ವಿನ್ ಎಂಬುದು ಬೆಳಕಿನ ಛಾಯೆ: 2700 ಎಂದಿದ್ದರೆ ಸಂಜೆಯ ಹೊಂಬಣ್ಣ, 6500 ಎಂದಿದ್ದರೆ ನೀಲಿ ಬೆರೆತ ಹಗಲಿನ ಬಿಳುಪು. ಇವುಗಳಾಚೆ ಸಿ.ಆರ್.ಐ. ಎಂಬ ಮತ್ತೊಂದು ಅಂಕವಿದೆ. ವಸ್ತುಗಳ ಬಣ್ಣವನ್ನು ದೀಪವು ಎಷ್ಟು ಸಹಜವಾಗಿ ತೋರಿಸುತ್ತದೆಂಬುದರ ಅಳತೆಯದು, ಪೂರ್ಣಾಂಕ 100. ಮನೆಗಳಲ್ಲಿ ಬಳಸುವ ಸಾಧಾರಣ ಎಲ್.ಇ.ಡಿ.ಗೆ ಅದು 80ರ ಸುಮಾರು. ಚಿತ್ರದ ಕೆಲಸಕ್ಕೆ 90ಕ್ಕೆ ಮೇಲ್ಪಟ್ಟಿರುವುದು ಯುಕ್ತ.

ಬಳಿಕ ಮೇಲಿನ ಅಂತಸ್ತಿಗೆ ಹೋದೆವು. ಬಣ್ಣದ ಕೊಳವೆಗಳು ಔಷಧಾಲಯದ ಸೀಸೆಗಳಂತೆ ಸಾಲಾಗಿ ನಿಂತಿದ್ದವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರದ ಬಣ್ಣಗಳನ್ನೂ, ಅಂಟನ್ನೂ, ಕರುವಿನ ಕಿವಿಯ ಕೂದಲಿನ ಕುಂಚವನ್ನೂ ವಿವರಿಸಿದ್ದಾನೆ. ಆ ದೊರೆಯು ಇಲ್ಲಿಗೆ ಬಂದಿದ್ದರೆ ಸಂತೋಷಪಡುತ್ತಿದ್ದನೆಂದು ನನಗೆ ತೋರಿತು. ಒಂದಾನೊಂದು ಕಾಲದಲ್ಲಿ ಬದಕ್‌ಶಾನದ ಗಣಿಯ ಕಲ್ಲನ್ನು ಅರೆದು ಮಾಡುತ್ತಿದ್ದ ಅಲ್ಟ್ರಾಮರೀನ್ ನೀಲಿಯು ಬಹಳ ದುಬಾರಿಯಾಗಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಗಿಮೆ ಎಂಬಾತನು ಅದನ್ನು ಕೃತಕವಾಗಿ ತಯಾರಿಸುವ ಕ್ರಮವನ್ನು ಕಂಡುಹಿಡಿದ ಮೇಲೆ ಅದು ವಿದ್ಯಾರ್ಥಿಗಳ ಕೈಗೂ ಎಟುಕಿತು. ಕೊಳವೆಯ ಮೇಲೆ ‘ಪಿ.ಬಿ. 29’ ಎಂದಿದ್ದರೆ ಅದು ಈ ನೀಲಿಯೇ. ಹೆಸರಿನ ಮುಂದೆ ‘ಹ್ಯೂ’ ಎಂಬ ಪದವಿದ್ದರೆ ಮೂಲ ದ್ರವ್ಯದ ಬದಲು ಅದರ ಛಾಯೆಯನ್ನು ಹೋಲುವ ಬೇರೆ ದ್ರವ್ಯವಿದೆಯೆಂದು ತಿಳಿಯತಕ್ಕದ್ದು. ಅದು ಮೋಸವಲ್ಲ, ಮಿತವ್ಯಯದ ಉಪಾಯ. ಆದರೆ ತಿಳಿದು ಕೊಳ್ಳಬೇಕು.

ಮೊಮ್ಮಗಳು ತನ್ನ ಕೈಚೀಲದಿಂದ ಒಂದು ಕಾಗದದ ಚೂರನ್ನು ಹೊರತೆಗೆದಳು. ಚಿತ್ರದಲ್ಲಿನ ಮೈಬಣ್ಣವನ್ನು ಅದರ ಮೇಲೆ ಬಳಿದು ತಂದಿದ್ದಳು. ಕೆಳಗಿಳಿದು ಬಂದು ದೀಪಗಳನ್ನು ತೋರಿಸುತ್ತಿದ್ದ ಯುವಕನಿಗೆ, “ಇದನ್ನು ನಾಲ್ಕೈದು ದೀಪಗಳ ಕೆಳಗೆ ಹಿಡಿದು ನೋಡಬಹುದೇ?” ಎಂದು ಕೇಳಿದಳು. ದೊಡ್ಡ ವ್ಯಾಪಾರವಾಗದೆಂದು ಅರಿತೂ ಅವನು ಬೇಸರಪಡಲಿಲ್ಲ. “ಬನ್ನಿ ಮೇಡಂ. ಸಾರ್, ನೀವು ಇಲ್ಲಿ ಕೂತ್ಕೊಳ್ಳಿ” ಎಂದು ನನಗೆ ಕುರ್ಚಿಯನ್ನು ಕೊಟ್ಟು, ಒಂದೊಂದಾಗಿ ದೀಪಗಳನ್ನು ಹೊತ್ತಿಸಿದನು. ಅವಳ ಕೋಣೆಯಲ್ಲಿದ್ದಂತಹ ಅಗ್ಗದ ಬಲ್ಬಿನ ಕೆಳಗೆ ಆ ಬಣ್ಣವು ಸಹಜವಾಗಿ ಕಂಡಿತು. 95 ಅಂಕದ ಸಾದಾ ಮೇಜಿನ ದೀಪದ ಕೆಳಗೆ ಹಿಡಿದೊಡನೆ ಬೆಳಗಿನ ಅದೇ ಜ್ವರದ ಕೆಂಪು ಎದ್ದು ಬಂದಿತು. ಕಾರಣವು ಸರಳ. ಸಾಧಾರಣ ಎಲ್.ಇ.ಡಿ.ಯು ನೀಲಿ ಬೆಳಕನ್ನು ಹಳದಿ ಲೇಪದ ಮೂಲಕ ಹಾಯಿಸಿ ಬಿಳುಪನ್ನು ಉಂಟುಮಾಡುತ್ತದೆ. ಅದರಲ್ಲಿ ಗಾಢವಾದ ಕೆಂಪಿನ ಅಂಶ ಕಡಮೆ. ಆದುದರಿಂದ ಮುಖವು ಕಳೆಗುಂದಿದಂತೆ ತೋರಿ, ಅವಳ ಕೈಯು ಮತ್ತೆ ಮತ್ತೆ ಕೆಂಪನ್ನು ಸೇರಿಸುತ್ತಿತ್ತು. “ಹಾಗಾದರೆ ತಪ್ಪು ನನ್ನದಲ್ಲವಲ್ಲ ತಾತ!” ಎಂದಾಗ ಅವಳ ಮುಖದಲ್ಲಿ ಮೂಡಿದ ಕಾಂತಿಗೆ ಅಲ್ಲಿನ ಯಾವ ಗೊಂಚಲು ದೀಪವೂ ಸಮನಾಗಿರಲಿಲ್ಲ. ಆ ಸಾದಾ ದೀಪವನ್ನೂ ಎರಡು ಬಣ್ಣದ ಕೊಳವೆಗಳನ್ನೂ ಕೊಂಡೆವು. ತಿದ್ದಿದ ಭಾವಚಿತ್ರವು ಆ ವೃದ್ಧೆಯ ಮನೆಯವರಿಗೆ ಒಪ್ಪಿಗೆಯಾಯಿತು.

ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ರೂಪವು ಏಳು ಬಗೆಯೆಂದೂ, ತೇಜಸ್ಸಿನ ರೂಪವು ಹೊಳೆಯುವ ಬಿಳುಪೆಂದೂ ತಿಳಿದೇ ಇದೆ. ಬಣ್ಣವು ದ್ರವ್ಯದಲ್ಲಿಯೇ ಇದ್ದರೂ ಅದು ಕಣ್ಣಿಗೆ ಗೋಚರಿಸಬೇಕಾದರೆ ಆಲೋಕಸಂಯೋಗ, ಅಂದರೆ ಬೆಳಕಿನ ಸಂಬಂಧ, ಬೇಕೆಂದು ನೈಯಾಯಿಕರು ಒಪ್ಪುತ್ತಾರೆ. ಸೂರ್ಯನೂ ಎಣ್ಣೆಯ ಹಣತೆಯೂ ಮಾತ್ರವಿದ್ದ ಕಾಲದಲ್ಲಿ ಎಂತಹ ಬೆಳಕೆಂಬ ಪ್ರಶ್ನೆಯು ಗೃಹಸ್ಥನನ್ನು ಅಷ್ಟಾಗಿ ಕಾಡುತ್ತಿರಲಿಲ್ಲ. ಬೆಳಕನ್ನು ನಾನಾ ಬಗೆಯಲ್ಲಿ ತಯಾರಿಸಿ ಮಾರುವ ಈ ಕಾಲದಲ್ಲಿ ಅದನ್ನು ಕೇಳಲೇಬೇಕಾಗಿದೆ.

ಈ ವಿವೇಕವು ಚಿತ್ರಕಾರರಿಗೆ ಮಾತ್ರ ಮೀಸಲಲ್ಲ. ಸೀರೆಯನ್ನು ಆರಿಸುವ ಗೃಹಿಣಿಯು ಅದನ್ನು ಅಂಗಡಿಯ ಬಾಗಿಲಿಗೆ ತಂದು ಹಗಲಿನಲ್ಲಿ ನೋಡುವ ವಾಡಿಕೆಯನ್ನು ನಾವೆಲ್ಲರೂ ಬಲ್ಲೆವು. ಹೊಲಿಗೆಗೆ ಕೂರುವವರಿಗೂ, ತರಕಾರಿಯ ಹಸನನ್ನೂ ಮಗುವಿನ ಮೈಬಣ್ಣದ ವ್ಯತ್ಯಾಸವನ್ನೂ ದೀಪದ ಬೆಳಕಿನಲ್ಲಿ ನೋಡಬೇಕಾದ ತಾಯಂದಿರಿಗೂ ಸತ್ಯವನ್ನು ತೋರುವ ಬೆಳಕು ಅವಶ್ಯಕ. ದೀಪವನ್ನು ಕೊಳ್ಳಹೋದವರು ಅದು ಎಷ್ಟು ಹೊಳೆಯುತ್ತದೆಂದು ನೋಡುವುದಕ್ಕಿಂತ, ತನ್ನೆದುರಿಗಿರುವುದನ್ನು ಎಷ್ಟು ನಿಜವಾಗಿ ತೋರಿಸುತ್ತದೆಂದು ನೋಡುವುದು ಲೇಸು.