ರದ್ದಿಯ ತಕ್ಕಡಿಯಲ್ಲಿ ಬೃಹತ್ಕಥೆ

ಸಂತ ಮಾರ್ತರ ಆಸ್ಪತ್ರೆಗೆ ಹೋಗದವರು ನಮ್ಮಲ್ಲಿ ಕಡಿಮೆ. ಅದೇ ನೃಪತುಂಗ ರಸ್ತೆಯಲ್ಲಿ ಡೇಲಿ ಮೆಮೋರಿಯಲ್ ಎಂಬ ಹಳೆಯ ಭವನವಿದೆ. ಅದು ಮಿಥಿಕ್ ಸೊಸೈಟಿಯ ನೆಲೆ. ರೋಗಿಯನ್ನು ಕಾಣಲು ಹಣ್ಣಿನ ಚೀಲ ಹಿಡಿದು ಅವಸರದಿಂದ ಸಾಗುವ ನಾವು ಅದರ ಫಲಕವನ್ನು ಓದಿರುವುದಿಲ್ಲ. ಓದಿದರೂ ಆ ಹೆಸರಿನಿಂದ ಏನೂ ತಿಳಿಯದು.

1909ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಇತಿಹಾಸ, ಶಾಸನ, ಪುರಾಣ, ಜನಪದ ನಂಬಿಕೆಗಳನ್ನು ಕುರಿತ ವಿದ್ವತ್ ಲೇಖನಗಳಿಗೆಂದೇ ಒಂದು ಇಂಗ್ಲಿಷ್ ತ್ರೈಮಾಸಿಕವನ್ನು ನಡೆಸಿತು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು ಅನಂತರ, 1915ರಲ್ಲಿ. ಸೊಸೈಟಿಗೆ ಹಲವು ವರ್ಷ ಅಧ್ಯಕ್ಷರಾಗಿದ್ದವರು ಒಬ್ಬ ಕಥೋಲಿಕ ಗುರುಗಳು: ಪ್ಯಾರಿಸ್ ವಿದೇಶೀ ಮಿಷನ್ ಸಭೆಯ ವಂದನೀಯ ಎ. ಎಂ. ಟಬಾರ್ಡ್ ಸ್ವಾಮಿಗಳು.

ಅವರು ಮಾಡಿದ ಒಂದು ಕೆಲಸವನ್ನಷ್ಟೇ ಇಲ್ಲಿ ಹೇಳುತ್ತೇನೆ. ಫೆಲಿಕ್ಸ್ ಲಾಕೋತ್ ಎಂಬ ಫ್ರೆಂಚ್ ವಿದ್ವಾಂಸರು 1908ರಲ್ಲಿ ಗುಣಾಢ್ಯ ಮತ್ತು ಅವನ ಬೃಹತ್ಕಥೆಯ ಬಗ್ಗೆ ಗ್ರಂಥವೊಂದನ್ನು ಬರೆದಿದ್ದರು. ಫ್ರೆಂಚ್ ಬಾರದ ಇಲ್ಲಿನ ಪಂಡಿತರಿಗೆ ಅದು ಬೀಗ ಹಾಕಿದ ಮನೆ. ಟಬಾರ್ಡ್ ಸ್ವಾಮಿಗಳು ಅದನ್ನು ಇಂಗ್ಲಿಷಿಗೆ ತಂದರು. ಅನುವಾದವು ಸೊಸೈಟಿಯ ತ್ರೈಮಾಸಿಕದಲ್ಲಿ ಅಚ್ಚಾಗಿ, 1923ರಲ್ಲಿ ಪುಸ್ತಕರೂಪದಲ್ಲಿ ಹೊರಬಂತು.

ಬೃಹತ್ಕಥೆ ಯಾರದೋ ದೂರದ ಕಥೆಯಲ್ಲ. ಪೈಶಾಚಿ ಭಾಷೆಯ ಆ ಮೂಲಗ್ರಂಥ ಇಂದು ಎಲ್ಲಿಯೂ ಉಳಿದಿಲ್ಲ. ಆದರೆ ನಮ್ಮ ಗಂಗರಸ ದುರ್ವಿನೀತನು ಅದನ್ನು ಸಂಸ್ಕೃತಕ್ಕೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನ ಹೇಳುತ್ತದೆ. ದುರ್ಗಸಿಂಹನ ಕನ್ನಡ ಪಂಚತಂತ್ರವೂ ತನ್ನ ಬೇರನ್ನು ಗುಣಾಢ್ಯನಲ್ಲಿಯೇ ತೋರಿಸುತ್ತದೆ. ಪರದೇಶದಿಂದ ಬಂದ ಗುರುವೊಬ್ಬರು ಈ ನೆಲದ ಕಳೆದುಹೋದ ಕಥೆಯ ಜಾಡನ್ನು ಈ ನೆಲದವರಿಗೇ ಓದಿಸಲು ಶ್ರಮಿಸಿದರಲ್ಲ, ಅದು ನನಗೆ ಬಹು ದೊಡ್ಡದಾಗಿ ಕಾಣುತ್ತದೆ. ಅದರಿಂದ ಅವರ ಸಭೆಗೆ ಒಬ್ಬ ವಿಶ್ವಾಸಿಯೂ ಹೆಚ್ಚಿರಲಾರನು!

ಗುಣಾಢ್ಯನ ಐತಿಹ್ಯ ನಿಮಗೆ ತಿಳಿದಿರಬಹುದು. ಏಳು ಲಕ್ಷ ಶ್ಲೋಕಗಳ ಕೃತಿಯನ್ನು ಸಾತವಾಹನ ರಾಜ ತಿರಸ್ಕರಿಸಿದಾಗ, ಕವಿ ಕಾಡಿನಲ್ಲಿ ಬೆಂಕಿ ಹೊತ್ತಿಸಿ, ಒಂದೊಂದೇ ಓಲೆಯನ್ನು ಮೃಗಪಕ್ಷಿಗಳಿಗೆ ಓದಿ ಹೇಳಿ ಸುಟ್ಟನಂತೆ. ಮೃಗಗಳು ಮೇವು ಮರೆತು ಕೇಳಿದವು. ರಾಜ ಓಡಿಬರುವ ವೇಳೆಗೆ ಉಳಿದಿದ್ದುದು ಒಂದೇ ಲಕ್ಷ.

ನಮ್ಮ ಕಾಲದಲ್ಲಿ ಸುಡುವ ಶ್ರಮವೂ ಇಲ್ಲ. ಕೆಲವು ವರ್ಷಗಳ ಹಿಂದೆ ಚಾಮರಾಜಪೇಟೆಯಲ್ಲಿ ಪರಿಚಯದವರ ಹಳೆಯ ಮನೆಯನ್ನು ಕೆಡಹುವಾಗ, ಅಟ್ಟದಿಂದ ಇಳಿದ ವಿದ್ವತ್ ಪತ್ರಿಕೆಗಳು ಸೆಣಬಿನ ಹುರಿಯ ಸಮೇತ ತಕ್ಕಡಿ ಏರಿದ್ದನ್ನು ಕಂಡೆ. ರದ್ದಿಯವನು ಕೇಳಿದ್ದು ತೂಕವನ್ನು ಮಾತ್ರ. ಮನೆಯವರನ್ನು ದೂರಲಾರೆ. ಇಂಥ ಬರಹ ಸುಲಭದ ಓದಲ್ಲ. ಪುಟದ ಅರ್ಧಭಾಗ ಅಡಿಟಿಪ್ಪಣಿಗಳೇ ತುಂಬಿರುತ್ತವೆ. ತಾತನ ನಂತರ ಅದನ್ನು ಬಿಡಿಸಿದವರೇ ಇರಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲಿಯೂ ಅಂಥ ಕಟ್ಟುಗಳಿದ್ದರೆ, ತೂಕಕ್ಕೆ ಹಾಕುವ ಮೊದಲು ಹುರಿ ಬಿಚ್ಚಿ ಪರಿವಿಡಿಯ ಮೇಲೆ ಕಣ್ಣಾಡಿಸಿರಿ. ಸಂಪುಟ, ಸಂಚಿಕೆ, ವರ್ಷಗಳನ್ನು ಒಂದು ಚೀಟಿಯಲ್ಲಿ ಬರೆದು, ನೃಪತುಂಗ ರಸ್ತೆಗೋ ಪರಿಷತ್ತಿಗೋ ಹೋಗಿ, ತಮಗೆ ಬೇಕೇ ಎಂದು ಒಮ್ಮೆ ವಿಚಾರಿಸಿರಿ.