ಎರಡು ಕಾರ್ಡುಗಳ ಕಥೆ

ಕಾರ್ಡು ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ನನ್ನ ವಯಸ್ಸಿನ ಗೃಹಿಣಿಯರಾದರೆ ರೇಷನ್ ಕಾರ್ಡು, ಪೋಸ್ಟ್ ಕಾರ್ಡು, ಹೆಚ್ಚೆಂದರೆ ಮದುವೆಯ ಕಾರ್ಡು. ನನ್ನ ತಿಳುವಳಿಕೆಯೂ ಅಲ್ಲಿಗೇ ನಿಂತಿತ್ತು. 2024ರ ಜನವರಿಯಲ್ಲಿ ಒಂದು ರಾತ್ರಿ ಮಗ ಊಟಕ್ಕೆ ಕುಳಿತವನು, "ಅಮ್ಮಾ, ಒಂದು ಗ್ರಾಫಿಕ್ಸ್ ಕಾರ್ಡು ಬೇಕು, ಮೂವತ್ತು ಸಾವಿರದ ತನಕ ಆಗುತ್ತದೆ" ಎಂದ. ಸಾರಿನ ಸೌಟು ನನ್ನ ಕೈಯಲ್ಲೇ ಉಳಿಯಿತು. ನಮ್ಮವರು, "ಆಟ ಆಡಲಿಕ್ಕೆ ಮೂವತ್ತು ಸಾವಿರವೋ?" ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದುಹೋದರು.

ಅಂದಿನಿಂದ ಕೋಪರಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ತಂದೆ ಮಗನ ಮಾತುಕತೆ ನನ್ನ ಮುಖಾಂತರವೇ ನಡೆಯತೊಡಗಿತು. ಬ್ಯಾಂಕಿನಿಂದ ನಿವೃತ್ತರಾದ ಇವರಿಗೆ ಮಗನೂ ಬ್ಯಾಂಕ್ ಪರೀಕ್ಷೆ ಬರೆಯಬೇಕೆಂಬ ಆಸೆ. ಅವನು ಕಲಿತದ್ದು ಅನಿಮೇಶನ್. ಎರಡು ವರ್ಷ ಅಲ್ಲಿ ಇಲ್ಲಿ ಚಿಲ್ಲರೆ ಕೆಲಸ ಮಾಡಿದವನಿಗೆ ಮೊದಲ ಬಾರಿಗೆ ಒಂದು ದೊಡ್ಡ ಕೆಲಸ ಸಿಕ್ಕಿತ್ತು. ಅಭಿಮನ್ಯು ಚಕ್ರವ್ಯೂಹವನ್ನು ಹೊಗುವ ಸಂದರ್ಭ, ಬಡಗುತಿಟ್ಟಿನ ವೇಷದಲ್ಲಿ, ನಾಲ್ಕು ನಿಮಿಷದ ಚಿತ್ರ. ಏಪ್ರಿಲ್ ಕೊನೆಗೆ ಒಪ್ಪಿಸದಿದ್ದರೆ ಹಣವೂ ಇಲ್ಲ, ಹೆಸರೂ ಇಲ್ಲ.

ನಾಲ್ಕು ನಿಮಿಷ ಎಂದರೆ ಎಷ್ಟು ಮಹಾ ಎಂದೆ. ಅವನು ಲೆಕ್ಕ ಹಾಕಿ ತೋರಿಸಿದ. ಸೆಕೆಂಡಿಗೆ 25 ಚಿತ್ರಗಳಂತೆ 6,000 ಚಿತ್ರಗಳು. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಒಂದೊಂದನ್ನೂ ಬೆಳಕು, ನೆರಳು, ಹೊಳಪು ಲೆಕ್ಕಹಾಕಿ ಬಿಡಿಸಬೇಕು. ಹಳೆಯ ಕಂಪ್ಯೂಟರ್ ಒಂದಕ್ಕೇ ಅರ್ಧ ಗಂಟೆ ತೆಗೆದುಕೊಳ್ಳುತ್ತಿತ್ತು. 3,000 ಗಂಟೆ! ನಾಲ್ಕು ತಿಂಗಳಿಗೂ ಮಿಕ್ಕಿ.

ಫೆಬ್ರವರಿಯಲ್ಲಿ ನನ್ನ ಭಿಶಿಯ ಸರದಿ ಬರುವುದಿತ್ತು. ಆ ಹಣ ಕೊಡುತ್ತೇನೆಂದೆ, ಆದರೆ ಯಾವ ಕಾರ್ಡು, ಯಾಕೆ ಎಂದು ನನಗೆ ಅರ್ಥವಾಗುವಂತೆ ಹೇಳಬೇಕು ಎಂದೂ ಹೇಳಿದೆ. ಉಡುಪಿಯಲ್ಲಿ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದವಳು ನಾನು, ಶೇಕ್ಸ್‌ಪಿಯರ್‌ನನ್ನು ಓದಿ ಪಾಸಾದವಳಿಗೆ ಇದು ತಿಳಿಯಲಾರದೇ ಎಂಬ ಜಂಬ ಬೇರೆ.

ಆಯ್ಕೆ ಇದ್ದದ್ದು ಎನ್‌ವಿಡಿಯಾ ಕಂಪನಿಯ ಎರಡರ ನಡುವೆ. ಆರ್‌ಟಿಎಕ್ಸ್ 3060 ಬಂದದ್ದು 2021ರ ಫೆಬ್ರವರಿಯಲ್ಲಿ, 4060 ಬಂದದ್ದು 2023ರ ಜೂನ್‌ನಲ್ಲಿ. ನಮಗೆ ಸಿಗುತ್ತಿದ್ದ ಬೆಲೆಯಲ್ಲಿ ಹೆಚ್ಚು ಅಂತರವಿರಲಿಲ್ಲ. ಹಾಗಾದರೆ ಹೊಸದನ್ನೇ ತೆಗೆದುಕೊಳ್ಳಬಾರದೇ? ನಾನೂ ಹಾಗೆಯೇ ಕೇಳಿದೆ. ಲ್ಯಾಮಿಂಗ್ಟನ್ ರೋಡಿನ ಅಂಗಡಿಯವನೂ, "ಆಂಟಿ, ನಯಾವಾಲಾ ಲೇ ಲೋ" ಎಂದು ಆಗಲೇ ಬಿಲ್ ಬರೆಯಲು ಹೊರಟಿದ್ದ. ಅವನು ಕಂಪ್ಯೂಟರಿನಲ್ಲಿ ತೋರಿಸಿದ ಪಟ್ಟಿಯಲ್ಲೂ ಹೊಸದೇ ಮುಂದು.

ಆ ಪಟ್ಟಿ ಸುಳ್ಳಲ್ಲ. 3060ರಲ್ಲಿ ಲೆಕ್ಕ ಮಾಡುವ ಚಿಕ್ಕ ಘಟಕಗಳು 3,584, 4060ರಲ್ಲಿ 3,072 ಮಾತ್ರ. ಆದರೂ ಹೊಸದರ ಓಟ ಗಂಟೆಗೆ ಗಂಟೆ ಹೆಚ್ಚು: 1.78 ಗಿಗಾಹರ್ಟ್ಸ್ ಇದ್ದದ್ದು 2.46ಕ್ಕೆ ಏರಿದೆ. ಕರೆಂಟೂ ಕಡಿಮೆ, 170 ವಾಟಿನ ಜಾಗದಲ್ಲಿ 115. ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ ಹದಿನಾರೂವರೆ ಯೂನಿಟ್ ಉಳಿತಾಯವೆಂದು ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಕರೆಂಟ್ ಬಿಲ್ಲು ಕಟ್ಟುವವಳಿಗೆ ಇದಕ್ಕಿಂತ ಬೇರೆ ಏನು ಕಣ್ಣಿಗೆ ಬೀಳುತ್ತದೆ ಹೇಳಿ!

ಮಗ ಮಾತ್ರ ಅಂಗಡಿಯಿಂದ ನನ್ನನ್ನು ಹೊರಗೆ ಕರೆದುಕೊಂಡು ಬಂದ. "ಅಮ್ಮಾ, ಆ ಪಟ್ಟಿ ಆಟಗಳದ್ದು. ನನ್ನ ಕೆಲಸದ್ದಲ್ಲ. ಹಳೆಯದರಲ್ಲಿ ನೆನಪು 12 ಜಿಬಿ, ಹೊಸದರಲ್ಲಿ 8 ಮಾತ್ರ" ಎಂದ. ಗ್ರಾಂಟ್ ರೋಡಿನಿಂದ ದಾದರ್, ಅಲ್ಲಿ ಗಾಡಿ ಬದಲಿಸಿ ಥಾಣೆ ಮುಟ್ಟುವ ತನಕ ಅವನ ಪಾಠ ನಡೆಯಿತು. ಅಭಿಮನ್ಯುವಿನ ಕೇದಗೆ ಮುಂದಲೆ, ಭುಜಕೀರ್ತಿ, ಎದೆಕಟ್ಟು, ಚೌಕಳಿ ಸೀರೆ ಪ್ರತಿಯೊಂದಕ್ಕೂ ಮೂರು ಚಿತ್ರಗಳು ಬೇಕು: ಬಣ್ಣದ್ದೊಂದು, ಹೊಳಪಿನದೊಂದು, ಉಬ್ಬುತಗ್ಗಿನದೊಂದು. 4,096 ಚುಕ್ಕೆ ಅಗಲ, ಅಷ್ಟೇ ಎತ್ತರದ ಒಂದು ಚಿತ್ರ ಕಾರ್ಡಿನೊಳಗೆ ಸುಮಾರು 64 ಎಂಬಿ ಜಾಗ ಹಿಡಿಯುತ್ತದೆ. ರಂಗಸ್ಥಳದಲ್ಲಿ ಅಂಥ ಐವತ್ತು ವಸ್ತುಗಳಿದ್ದರೆ ಒಂಬತ್ತೂವರೆ ಜಿಬಿ ಆಯಿತು. ಎಂಟರಲ್ಲಿ ಹಿಡಿಸದೆ ಉಕ್ಕಿದ್ದು ಕಂಪ್ಯೂಟರಿನ ಸಾಮಾನ್ಯ ಮೆಮೊರಿಗೆ ಹೋಗುತ್ತದೆ, ಅಲ್ಲಿಂದ ಹೊತ್ತು ತರುವಷ್ಟರಲ್ಲಿ ವೇಗವೆಲ್ಲ ಮಣ್ಣುಪಾಲು. ಇಲ್ಲವೇ ಕೆಲಸವೇ ನಿಂತುಹೋಗುತ್ತದೆ.

ಇದು ನನಗೆ ಥಟ್ಟನೆ ಹೊಳೆಯಿತು. ನೂರು ಜನರ ಪಾಯಸಕ್ಕೆ ಮನೆಯ ಐದು ಲೀಟರಿನ ಕುಕ್ಕರನ್ನು ಎಷ್ಟು ದೊಡ್ಡ ಉರಿಯ ಮೇಲಿಟ್ಟರೂ ಅಷ್ಟೇ. ಚಿತ್ರಗಳನ್ನೇ ಸಣ್ಣದು ಮಾಡಬಾರದೇ ಎಂದು ಕೇಳಿದೆ. ಹಿಂದಿನ ಪರದೆಯದ್ದನ್ನೆಲ್ಲ ಆಗಲೇ ಸಣ್ಣದು ಮಾಡಿದ್ದಾನಂತೆ. ಅಭಿಮನ್ಯುವಿನ ಮುಖ ಹತ್ತಿರ ಬಂದಾಗ ಮಣಿಸಾಲು ಮಸುಕಾದರೆ ಆ ವೇಷಕ್ಕೆ ಅರ್ಥವಿಲ್ಲ ಎಂದ.

ಆದರೂ ಬಾಯಿಮಾತನ್ನು ನಂಬಿ ಭಿಶಿಯ ಹಣ ಬಿಚ್ಚುವವಳಲ್ಲ ನಾನು. ಅವನ ಗೆಳೆಯನೊಬ್ಬನ ಬಳಿ ಡೊಂಬಿವಲಿಯಲ್ಲಿ 4060 ಇತ್ತು, ಇನ್ನೊಬ್ಬನ ಬಳಿ ಐರೋಲಿಯಲ್ಲಿ 3060. ಪೆನ್ ಡ್ರೈವಿನಲ್ಲಿ ಅವನದೇ ಕೆಲಸವನ್ನು ಹಾಕಿಕೊಂಡು ಎರಡೂ ಕಡೆ ಹೋದೆವು. ಗಡಿಯಾರ ನೋಡಿ ಬರೆದುಕೊಂಡವಳು ನಾನು. ಅಭಿಮನ್ಯು ಒಬ್ಬನೇ ಇರುವ ಚಿತ್ರ ಡೊಂಬಿವಲಿಯಲ್ಲಿ 41 ಸೆಕೆಂಡು, ಐರೋಲಿಯಲ್ಲಿ 51. ಅಂಗಡಿಯವನ ಮಾತು ನಿಜ! ಆಮೇಲೆ ಪೂರ್ತಿ ರಂಗಸ್ಥಳ ಹಾಕಿದೆವು. ಐರೋಲಿಯಲ್ಲಿ ನಾಲ್ಕು ನಿಮಿಷ. ಡೊಂಬಿವಲಿಯಲ್ಲಿ ಆ ಹುಡುಗನ ತಾಯಿ ಕೊಟ್ಟ ಚಹಾ ಕುಡಿದು, ಕಾಂದಾಪೋಹೆ ತಿಂದು ಮುಗಿಸಿದರೂ ಆಗಿರಲಿಲ್ಲ, ಹನ್ನೊಂದು ನಿಮಿಷ ದಾಟಿತ್ತು. 6,000 ಚಿತ್ರಗಳಿಗೆ ಒಂದರಲ್ಲಿ 400 ಗಂಟೆ, ಇನ್ನೊಂದರಲ್ಲಿ 1,100. ಹದಿನೇಳು ದಿನವೋ, ನಲವತ್ತಾರು ದಿನವೋ? ಏಪ್ರಿಲ್ ಕೊನೆ ನನ್ನ ಕಣ್ಣ ಮುಂದೆ ನಿಂತಿತು.

ಆಟಕ್ಕಾಗಿ ಕೊಳ್ಳುವವರು ಡೊಂಬಿವಲಿಯ ಕಾರ್ಡನ್ನೇ ಕೊಂಡರೆ ತಪ್ಪಿಲ್ಲ. ನಾವು ಹಳೆಯದನ್ನು ಕೊಂಡೆವು. ಇಲ್ಲಿ ನಿಮಗೊಂದು ಕಿವಿಮಾತು: 3060 ಎಂಬ ಅದೇ ಹೆಸರಿನಲ್ಲಿ 2022ರ ಕೊನೆಗೆ 8 ಜಿಬಿಯದ್ದೂ ಬಂದಿದೆ, ಅದರ ದಾರಿಯೂ ಕಿರಿದು, 192 ಬಿಟ್ಟಿನ ಬದಲು 128. ಅಂಗಡಿಯವನು ಮೊದಲು ಮೇಜಿನ ಮೇಲಿಟ್ಟದ್ದು ಅದನ್ನೇ. ಪೆಟ್ಟಿಗೆಯ ಮೂಲೆಯ ಅಂಕಿಯನ್ನು ಕನ್ನಡಕ ಹಾಕಿ ಓದಿದ್ದಕ್ಕೆ ಬಚಾವಾದೆ. ಅಗ್ಗಕ್ಕೆ ಸಿಗುವ ಸೆಕೆಂಡ್‌ಹ್ಯಾಂಡ್ ಮಾಲಿಗೂ ಮಗ ಬೇಡವೆಂದ. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ನಾಣ್ಯಕ್ಕೆ ಕಾರ್ಡುಗಳ ದುಡಿಮೆ ಬೇಡವಾದ ಮೇಲೆ, ಹಗಲು ರಾತ್ರಿ ದುಡಿದು ದಣಿದವು ಬಹಳಷ್ಟು ಪೇಟೆಗೆ ಬಂದಿದ್ದವಂತೆ.

ಕಾರ್ಡು ಕೂಡಿಸಿದ ಮರುದಿನ ಸಂಜೆಗೆ ಹನ್ನೆರಡು ಸೆಕೆಂಡಿನಷ್ಟು ಚಿತ್ರ ಸಿದ್ಧವಾಗಿತ್ತು. ಮಗ ಅದಕ್ಕೆ ಚೆಂಡೆಯ ಧ್ವನಿ ಕೂಡಿಸಿ ಓಡಿಸಿದ. ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಇವರು ಚೆಂಡೆಯ ಸದ್ದು ಕೇಳಿ, ಯಾವ ಮೇಳ ಎಂದುಕೊಂಡರೋ ಏನೋ, ಎದ್ದು ಬಂದು ಅವನ ಕುರ್ಚಿಯ ಹಿಂದೆ ನಿಂತರು. ಒಂದು ಸಲ ನೋಡಿದರು. ಇನ್ನೊಮ್ಮೆ ಹಾಕು ಎಂದು ಕೈಸನ್ನೆ ಮಾಡಿದರು. ಮೂರನೆಯ ಸಲವೂ ಆಯಿತು.

"ವೇಷ ಲಾಯ್ಕಿದೆ" ಎಂದರು. "ಆದರೆ ಮಾರಾಯ, ಚೆಂಡೆಯ ಪೆಟ್ಟು ಒಂದು ಕಡೆ, ಹುಡುಗನ ಕಾಲು ಒಂದು ಕಡೆ. ಗೆಜ್ಜೆ ತಾಳಕ್ಕೆ ಬೀಳುವುದೇ ಇಲ್ಲವಲ್ಲ?"

ಇಪ್ಪತ್ತು ಗಂಟೆಯ ಕೆಲಸ ಹೋಯಿತು ಎಂದು ನನ್ನ ಎದೆ ಧಸಕ್ಕೆಂದಿತು. ಮಗ ಮಾತ್ರ ಇನ್ನೊಂದು ಕುರ್ಚಿ ಎಳೆದು, "ಎಲ್ಲಿ ಬೀಳಬೇಕು ಅಪ್ಪಾ, ತೋರಿಸಿ" ಎಂದ. ಇವರು ಕುಳಿತು ತೊಡೆಯ ಮೇಲೆ ತಾಳ ಹಾಕತೊಡಗಿದರು. ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.